ರಾಕ್ಷಸನನ್ನು ರಿಜೆಕ್ಟ್ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ಹೇಳಿ. ಟೆಂಟ್ ಸಿನಿಮಾದಲ್ಲಿ ಕೂತಿದ್ದೀರಿ. ಪರದೆಯ ಮೇಲೆ ಹಾಳು ಬಂಗಲೆ. ಬಾಗಿಲು ಕಿರ್ರ್ ಎನ್ನುತ್ತಿದೆ. ಹೀರೋಯಿನ್ನು ಲೋಕದ ಪರಿವೆಯೇ ಇಲ್ಲದೆ ಮೈತುಂಬ ಸೋಪಿನ ನೊರೆ ಹಚ್ಚಿಕೊಂಡು ಹಾಡಿಕೊಳ್ಳುತ್ತಿದ್ದಾಳೆ. ಹಿಂದಿನಿಂದ ರಾಕ್ಷಸ ಬರುತ್ತಾನೆ, ಉಗುರು ಚಾಚುತ್ತಾನೆ. ಇಡೀ ಟೆಂಟು ಉಸಿರು ಬಿಗಿಹಿಡಿದಿದೆ. ಆಗ ನಿಮ್ಮ ಪಕ್ಕದಲ್ಲಿ ಕೂತ, ನಿಮ್ಮದೇ ಮನೆಯ ಅನ್ನ ತಿಂದ ಒಬ್ಬ ಮನುಷ್ಯ ಎದ್ದು ನಿಂತು ಕೈ ಮುಂದೆ ಮಾಡಿ, "ರಿಜೆಕ್ಟ್! ಬೆನ್ನಲ್ಲಿ ಜಿಪ್ ಕಾಣ್ತಾ ಇದೆ!" ಎಂದು ಕೂಗಿದ್ದಾನಾ?

ಇಲ್ಲವಾದರೆ ನೀವು ಪುಣ್ಯವಂತರು. ನಾನಲ್ಲ.

ನಮ್ಮ ಚಿಕ್ಕಪ್ಪನಷ್ಟು ಭಯಂಕರ ಸಿನಿಮಾಗಳನ್ನು ನೋಡಿದವನೂ, ಅವನಷ್ಟು ಕಮ್ಮಿ ಹೆದರಿದವನೂ ಇಡೀ ಪೀಣ್ಯದಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಎಂದರೆ ತಪ್ಪು ತಿಳಿಯಬೇಡಿ. ಅವನಿಗೆ ಯಾರಾದರೂ ಬಹುವಚನ ಕೊಟ್ಟರೆ, ಹಿಂದೆ ಯಾರು ಬಂದರು ಎಂದು ಅವನೇ ತಿರುಗಿ ನೋಡುತ್ತಿದ್ದ! ಈ ಹಾಳು ಸಿನಿಮಾಗಳಿಂದ ಒಂದಲ್ಲ ಒಂದು ದಿನ ಅವನ ಸಂಸಾರ ಮುರಿದು ಬೀಳುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅವನಿಗೆ ಮದುವೆ ಗೊತ್ತಾಗುವ ಮುಂಚಿನಿಂದಲೇ ನಂಬಿದ್ದರು. ಅದು ಮುರಿದುಬೀಳುವ ಅಂಚಿಗೂ ಬಂದುಬಿಟ್ಟಿತ್ತು. ಅದನ್ನೇ ಹೇಳಲು ಹೊರಟಿದ್ದೇನೆ. ನಡುವೆ ನಗು ಬಂದರೆ ನನ್ನನ್ನು ಬೈಯಬೇಡಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿನಲ್ಲಿದ್ದೆ. ಯಾರು ನೋಡಿದರೂ ಮಾನ ಹೋಯಿತು ಎನ್ನಿಸುವ ವಯಸ್ಸು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದ. ಅವನ ತಮ್ಮ, ಅಂದರೆ ನಮ್ಮ ಈ ಚಿಕ್ಕಪ್ಪ, ನಮ್ಮ ಜೊತೆಯಲ್ಲೇ ಇದ್ದುಕೊಂಡು ಪೀಣ್ಯದ ಒಂದು ಸಣ್ಣ ಖಾಸಗಿ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಿದ್ದ. ಕೆಲಸವೇನು ಅಂದರೆ, ಲೇತಿನಿಂದ ಇಳಿದು ಬಂದ ಪಿನ್ನು, ಬುಷ್ಷುಗಳನ್ನು ಅಳೆಯುವುದು. ಸರಿಯಿದ್ದರೆ ಈಚೆ ಡಬ್ಬಕ್ಕೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಆಚೆ ಡಬ್ಬಕ್ಕೆ. ಬೆಳಗಿನಿಂದ ಸಂಜೆಯವರೆಗೆ ಇದೇ. ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಇವನು ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೂ ಡ್ಯೂಟಿ ಮಾಡುತ್ತಿದ್ದನಲ್ಲ!

"ಅತ್ತಿಗೆ, ಈ ದೋಸೆ ನಡುಮಧ್ಯ ದಪ್ಪ, ಅಂಚು ತೆಳು. ರಿಜೆಕ್ಟ್ ಮಾಡ್ಬೇಕಾಗತ್ತೆ."

ಅಮ್ಮ ಒಲೆಯ ಕಡೆಯಿಂದ ತಲೆಯೆತ್ತಲಿಲ್ಲ. "ಮಾಡಪ್ಪ, ಧಾರಾಳವಾಗಿ ಮಾಡು. ಬೀದಿ ನಾಯಿಗೆ ಹಾಕ್ತೀನಿ. ನೀನು ಬರೀ ಹೊಟ್ಟೇಲಿ ಶಿಫ್ಟಿಗೆ ಹೋಗು."

ಚಿಕ್ಕಪ್ಪ ದೋಸೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ನೋಡಿ, "ಈ ಕಡೆಯಿಂದ ಪರವಾಗಿಲ್ಲ" ಎಂದು ತಿಂದ. ಅಮ್ಮನ ಎದುರಿಗೆ ಯಾವ ಫ್ಯಾಕ್ಟರಿಯ ನಿಯಮವೂ ನಡೆಯುತ್ತಿರಲಿಲ್ಲ ಬಿಡಿ.

ಆದರೆ ಟೆಂಟಿನಲ್ಲಿ ಅಮ್ಮ ಇರುತ್ತಿರಲಿಲ್ಲ!

ತುಮಕೂರು ರಸ್ತೆಯ ಪಕ್ಕದ ಖಾಲಿ ಮೈದಾನದಲ್ಲಿ ಆ ಟೆಂಟಿತ್ತು. ಮುಂದೆ ಮರಳು, ಹಿಂದೆ ಬೆಂಚು, ಅದರ ಹಿಂದೆ ಕೈ ಮುರಿದ ಒಂದಷ್ಟು ಕುರ್ಚಿ. ಎಲ್ಲೆಲ್ಲೋ ಓಡಿ ಸುಸ್ತಾದ ರೀಲುಗಳು ಕೊನೆಗೆ ಅಲ್ಲಿಗೆ ಬರುತ್ತಿದ್ದವು. ಹಿಂದಿಯದ್ದು, ತೆಲುಗಿನದ್ದು, ಯಾವ ಭಾಷೆಯೆಂದು ಗೊತ್ತಾಗದ್ದು. ಆ ರಾಕ್ಷಸರೋ, ಅವರನ್ನು ನೀವು ನೋಡಬೇಕಿತ್ತು! ಮೈಗೆ ಕಂಬಳಿಯ ಚೂರು. ಕಾಲಲ್ಲಿ ಕ್ಯಾನ್‌ವಾಸ್ ಶೂ. ನೂರಾರು ವರ್ಷ ಗೋರಿಯಲ್ಲಿ ಮಲಗಿದ್ದವನು ಎದ್ದು ಬಂದರೆ ಕ್ಷೌರ ಮಾತ್ರ ಆ ವಾರದ್ದು. ಇಷ್ಟು ದೊಡ್ಡ ಬಂಗಲೆಯಲ್ಲಿ ಅಡುಗೆಮನೆಗೋ ದೇವರಮನೆಗೋ ಒಂದು ಸಲವಾದರೂ ದಾರಿ ತಪ್ಪಿ ಹೋದನಾ? ಇಲ್ಲ. ಆ ಕಾಲದ ರಾಕ್ಷಸರಿಗೆಲ್ಲ ಬಚ್ಚಲುಮನೆಯ ವಿಳಾಸ ಒಂದೇ ಗೊತ್ತಿತ್ತು! ಅವನು ಮಂಡಿನೋವಿನವರ ಹಾಗೆ ನಿಧಾನವಾಗಿ ನಡೆಯುತ್ತಾನೆ. ಹೀರೋಯಿನ್ನು ಜಿಂಕೆಯ ಹಾಗೆ ಓಡುತ್ತಾಳೆ. ಆದರೂ ಅವಳೇ ಸಿಕ್ಕಿಬೀಳುತ್ತಾಳೆ. ಹೇಗೆ? ನನ್ನನ್ನು ಕೇಳಬೇಡಿ. ನಡುವೆ ಒಬ್ಬ ಹಾಸ್ಯದವನು ಬೇರೆ. ರಾಕ್ಷಸನ ತೊಡೆಯ ಮೇಲೆ ಕೂತು ಅವನ ಕೈಯಿಂದಲೇ ಬೀಡಿಗೆ ಬೆಂಕಿ ಹಚ್ಚಿಸಿಕೊಂಡು, ಆಮೇಲೆ ಮುಖ ನೋಡಿ ಮೂರ್ಛೆ ಹೋಗುವವನು.

ಇಂಥದ್ದನ್ನೆಲ್ಲ ಸುಮ್ಮನೆ ನೋಡಿಕೊಂಡು ಕೂರುವ ಮನುಷ್ಯನೇ ನಮ್ಮ ಚಿಕ್ಕಪ್ಪ?

"ಬಲಗಡೆ ಕೋರೆಹಲ್ಲು ಉದ್ದ, ಎಡಗಡೇದು ಗಿಡ್ಡ! ರಿಜೆಕ್ಟ್!"

ಟೆಂಟಿನ ತುಂಬ ಇದ್ದವರು ಯಾರು? ಶಿಫ್ಟು ಮುಗಿಸಿ ಬಂದ ಫಿಟ್ಟರುಗಳು, ವೆಲ್ಡರುಗಳು, ಟರ್ನರುಗಳು. ಇವನು ಒಂದು ಕಿಡಿ ಹಾರಿಸಿದರೆ ಸಾಕಾಗುತ್ತಿತ್ತು.

"ಬಾಲದ ಫಿಟ್ಟಿಂಗ್ ಲೂಸು ಕಣ್ರಪ್ಪೋ!"

"ಲೇಯ್, ಎರಡು ಕಣ್ಣಿಗೂ ಒಂದೇ ವ್ಯಾಟಿನ ಬಲ್ಬ್ ಹಾಕ್ರೋ!"

"ಮಚ್ಚಾ, ರಿವರ್ಕಿಗೆ ಕಳ್ಸು. ಕೋಡು ತಿರುಗಿಸಿ ವೆಲ್ಡ್ ಮಾಡ್ಕೊಡ್ತೀನಿ!"

ಪರದೆಯ ಮೇಲೆ ಹೀರೋಯಿನ್ನು ಸಾಯುತ್ತಿದ್ದಳು. ಅವಳ ಕೂಗು ಯಾರಿಗೆ ಕೇಳಬೇಕು! ನಾನು ಮಾತ್ರ ಮುಖದ ಮೇಲೆ ಕರ್ಚೀಫು ಹಾಕಿಕೊಂಡು, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎನ್ನುವಂತೆ ಕೂರುತ್ತಿದ್ದೆ. "ಚಿಕ್ಕಪ್ಪಾ, ಕೂತ್ಕೊಳೋ, ನಮ್ ಸ್ಕೂಲಿನ ಹುಡುಗೀರು ಬಂದಿದ್ದಾರೆ" ಎಂದು ಷರ್ಟು ಜಗ್ಗಿದರೆ, ಇಡೀ ಟೆಂಟಿಗೆ ಕೇಳುವ ಹಾಗೆ, "ಬರ್ಲಿ ಬಿಡೇ, ಅವ್ರೂ ಕೆಲ್ಸ ಕಲೀಲಿ" ಎನ್ನುತ್ತಿದ್ದ.

ಟೆಂಟಿನ ಮಾಲೀಕ ಶುರುವಿನಲ್ಲಿ ಅವನನ್ನು ಕತ್ತು ಹಿಡಿದು ಆಚೆ ಹಾಕಿಸಿದ್ದುಂಟು. ಅದೊಂದು ವಾರ ರಾಕ್ಷಸ ಬಂದರೂ ಹೋದರೂ ಜನ ಆಕಳಿಸಿದರಂತೆ. ಆಮೇಲೆ ಅದೇ ಮಾಲೀಕ ನಾನು ಶಾಲೆಗೆ ಹೋಗುವ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ: "ಪುಟ್ಟೀ, ನಿಮ್ ಚಿಕ್ಕಪ್ಪಂದು ಈ ವಾರ ಯಾವ ಶಿಫ್ಟು? ಹೊಸಾ ರಾಕ್ಷಸ ತರಿಸ್ತಿದೀನಿ."

ಮನೆಯಲ್ಲಿ ಅಪ್ಪ ಬೈಯುತ್ತಿದ್ದ. "ಜನ ಒಳ್ಳೊಳ್ಳೆ ಸಾಂಸಾರಿಕ ಚಿತ್ರ ನೋಡ್ತಾರೆ. ನಿಂಗೇನೋ ಈ ದರಿದ್ರ?"

"ಅಣ್ಣಾ, ಅದ್ರಲ್ಲಿ ಅಳು ಬರತ್ತೆ. ಕಾಸು ಕೊಟ್ಟು ಅಳೋದಕ್ಕೆ ನನಗೇನು ಗ್ರಹಚಾರ? ರಾಕ್ಷಸ ನೋಡು, ಎಷ್ಟು ಮರ್ಯಾದಸ್ತ. ಬರೋಕೆ ಮುಂಚೆ ಮ್ಯೂಸಿಕ್ ಹಾಕಿಸಿ, ಬರ್ತಾ ಇದೀನಿ ಅಂತ ತಿಳಿಸಿ ಬರ್ತಾನೆ. ನಿನ್ನ ಷಡ್ಡಕ ಯಾವತ್ತಾದ್ರೂ ತಿಳಿಸಿ ಬಂದಿದ್ದಾನಾ?"

ಅಪ್ಪ ಮೆಲ್ಲಗೆ ಪಡಸಾಲೆಯ ಕಡೆ ಕಣ್ಣು ಹಾಯಿಸಿದ. ಷಡ್ಡಕ ಆಗ ನಮ್ಮ ಮನೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದ!

ಇವನಿಗೆ ಹೆಣ್ಣು ಕೊಡುವವರು ಯಾರು ಎಂದು ನಾವೆಲ್ಲ ಕೈಚೆಲ್ಲಿ ಕೂತಿರುವಾಗ ಮಾದನಾಯಕನಹಳ್ಳಿಯಿಂದ ಒಂದು ಸಂಬಂಧ ಬಂತು. ಹೊಲ ಮನೆ ಇದ್ದವರು. ತಂದೆಯಿಲ್ಲದ ಹುಡುಗಿ. ತಾಯಿಯೇ ಮನೆಯ ಯಜಮಾನಿ. ನೋಡಲು ಹೋದೆವು. ಉಪ್ಪಿಟ್ಟು ಬಂತು. ಅಮ್ಮ ಚಿಕ್ಕಪ್ಪನ ಕಾಲು ತುಳಿದು, ತಟ್ಟೆಯನ್ನು ಅಳತೆ ಮಾಡುವ ಹಾಗಿಲ್ಲ ಎಂದು ಕಣ್ಣಲ್ಲೇ ಹೇಳಿದಳು. ಎಲ್ಲ ಸುಸೂತ್ರವಾಗಿತ್ತು. ಆಗ ಆ ತಾಯಿ ನೇರವಾಗಿ ಕೇಳಿಬಿಟ್ಟಳು:

"ಉಡುಗುಂಗೆ ಕುಡಿಯಾದು, ಇಸ್ಪೀಟು, ಇಂತಾ ಅಭ್ಯಾಸ ಏನಾರ ಐತಾ?"

ಅಪ್ಪ "ಛೆ ಛೆ!" ಎನ್ನುವಷ್ಟರಲ್ಲಿ ಚಿಕ್ಕಪ್ಪ ಬಾಯಿ ತೆಗೆದ. "ಅವೆಲ್ಲ ಇಲ್ಲಮ್ಮ. ರಾಕ್ಷಸನ ಸಿನಿಮಾ ನೋಡ್ತೀನಿ. ಅದೊಂದು ಬಿಡೋಕಾಗಲ್ಲ."

ಅಪ್ಪ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಹುಡುಗಿಯ ದನಿ ಬಂತು: "ಅವ್ವಾ, ಅದ್ರ ಅಲ್ಲು ಮೂಲಂಗೀದಾ, ಬೆಂಡಿಂದಾ ಕೇಳವ್ವಾ!"

"ಮೂಲಂಗಿ! ಮೂಲಂಗೀನೇ!" ಎಂದು ಚಿಕ್ಕಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದೇ ಎದ್ದು ನಿಂತ. "ಕೊನೆ ರೀಲಲ್ಲಿ ಬಾಡಿಹೋಗಿರತ್ತೆ!"

ಆಷಾಢ ಕಳೆದ ಮೇಲೆ ಮದುವೆ.

ಚಿಕ್ಕಮ್ಮ ಬಂದ ಮೇಲೆ ನನ್ನ ಮಾನ ಉಳಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿ ಬಂತು! ಆಕೆಗೆ ಬಾಯಿ ಮುಚ್ಚಿ ಗೊತ್ತೇ ಇರಲಿಲ್ಲ. ಅವನು ರಾಕ್ಷಸನನ್ನು ಹಿಡಿದರೆ ಇವಳು ಹೀರೋಯಿನ್ನನ್ನು ಹಿಡಿಯುತ್ತಿದ್ದಳು. "ಅಯ್ ಎಣ್ಣೇ, ಕದ ಆಕ್ಕಂಡು ಮೀಯಬಾರ್ದಾ! ಊರ್ಗೆಲ್ಲಾ ಕಾಣಂಗೆ ತೆರ್ದು ಬುಟ್ರೆ ರಾಕ್ಸಸ ಬರ್ದೆ ಇನ್ಯಾರು ಬತ್ತಾರೆ!" ಟೆಂಟಿನ ಮರಳು ಹಾರುವಂತೆ ಜನ ನಗುತ್ತಿದ್ದರು. ಮನೆಗೆ ನಡೆದು ಬರುವಾಗ ಇಬ್ಬರದ್ದೂ ವಾದ. ರಾಕ್ಷಸ ಊಟಕ್ಕೆ ಏನು ತಿನ್ನುತ್ತಾನೆ, ಅವನಿಗೆ ಹೆಂಡತಿ ಇದ್ದಾಳಾ, ಇದ್ದರೆ ಆ ಕಂಬಳಿಯನ್ನು ಒಗೆಯುವವರು ಯಾರು. ನಾನು ಇಪ್ಪತ್ತು ಹೆಜ್ಜೆ ಹಿಂದೆ.

ಚಿಕ್ಕಮ್ಮ ಬಸುರಿಯಾದಳು. ಆಗಿನ ಮನೆಗಳು ನಿಮಗೆ ಗೊತ್ತಲ್ಲ. ಬಸುರಿ ಮಲಗುವ ಕೋಣೆಯಲ್ಲಿ ನಗುವ ಮಗುವಿನ ಕ್ಯಾಲೆಂಡರು ತೂಗುಹಾಕಬೇಕು. ಅಂದವಾದದ್ದನ್ನೇ ನೋಡಬೇಕು. ವಿಕಾರವಾದದ್ದನ್ನು ಕಂಡರೆ ಹೊಟ್ಟೆಯ ಕೂಸು ಬೆದರುತ್ತದೆ. ಅಮ್ಮನೂ ಹೇಳಿದಳು, ಮಾದನಾಯಕನಹಳ್ಳಿಯ ತಾಯಿಯಂತೂ ಬಸ್ಸು ಹತ್ತಿ ಬಂದು ಅಳಿಯನ ಮುಖದ ಮುಂದೆ ಬೆರಳಾಡಿಸಿ ಹೇಳಿ ಹೋದಳು. ಚಿಕ್ಕಪ್ಪ ಒಪ್ಪಿಕೊಂಡ. ಒಪ್ಪದವಳು ಚಿಕ್ಕಮ್ಮ. ಹೊಸ ರಾಕ್ಷಸನ ಪೋಸ್ಟರು ಗೋಡೆಗೆ ಬಿದ್ದಾಗ, ಆಮೇಲೆ ಕೂಸು ಬಂದರೆ ಎಲ್ಲಿ ಹೋಗುವುದು, ಇದೊಂದು ನೋಡಿಬಿಡೋಣ ಎಂದು ಹಟ ಹಿಡಿದಳು. ಹೋದರು. ನಾನೂ ಇದ್ದೆ. ಚಿಕ್ಕಮ್ಮ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು, "ನೋಡ್ರೀ, ಒಳಗಿರೋದೂ ಒದೀತೈತೆ!" ಎಂದಳು.

ಅದಾದ ಮುಂದಿನ ತಿಂಗಳು ಮಗು ಹೊಟ್ಟೆಯಲ್ಲೇ ಹೋಗಿಬಿಟ್ಟಿತು. ಗಂಡು ಕೂಸು. ಬೆಳಿಗ್ಗೆ ಚಿಕ್ಕಮ್ಮ ಸೊಪ್ಪು ಸೋಸುತ್ತ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅದಕ್ಕೆ ಮುಂಚೆ ಯಾವ ಮ್ಯೂಸಿಕ್ಕೂ ಬರಲಿಲ್ಲ.

ಡಾಕ್ಟರು ಏನೋ ಹೇಳಿದರು, ಯಾರ ತಪ್ಪೂ ಅಲ್ಲ ಎಂದರು. ಕೇಳುವವರು ಯಾರು! ನೋಡಲು ಬಂದವರೆಲ್ಲ ಬಾಗಿಲು ದಾಟುವ ಮೊದಲೇ ತೀರ್ಪು ಕೊಟ್ಟು ಒಳಗೆ ಬಂದರು. "ಬಸುರೀನ ದೆವ್ವದ ಸಿನಿಮಾಗೆ ಕರ್ಕೊಂಡು ಹೋದ್ರೆ ಇನ್ನೇನಾಗತ್ತೆ?" ಷಡ್ಡಕ ಅದನ್ನು ಎರಡೆರಡು ಸಲ ಹೇಳಿ ಎರಡೆರಡು ಲೋಟ ಕಾಫಿ ಕುಡಿದ. ಮಾದನಾಯಕನಹಳ್ಳಿಯ ತಾಯಿ ಬಂದು ಮಗಳ ಬಟ್ಟೆಬರೆ ಗಂಟು ಕಟ್ಟಿ, ಅವಳ ಕೈಹಿಡಿದು, ಅಳಿಯನ ಕಡೆ ತಿರುಗಿಯೂ ನೋಡದೆ ಕರೆದುಕೊಂಡು ಹೋದಳು.

ಚಿಕ್ಕಮ್ಮ ಅಂದಿನಿಂದ ಮಾತು ಬಿಟ್ಟಳು. ಆ ಬಾಯಿ! ಅತ್ತೂ ಇರಲಿಲ್ಲವಂತೆ.

ಚಿಕ್ಕಪ್ಪ ಟೆಂಟಿನ ಕಡೆ ತಲೆ ಹಾಕುವುದನ್ನು ಬಿಟ್ಟ. ಮಾಲೀಕ ಶಿಫ್ಟು ಕೇಳಿದರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಒಂದು ಬೆಳಿಗ್ಗೆ ಅಮ್ಮ ಬೇಕೆಂದೇ ದಪ್ಪನೆಯ, ಒಂದು ಕಡೆ ಸೀದು ಕರಕಲಾದ ದೋಸೆ ಹಾಕಿದಳು. ಅವನು ತಲೆ ಬಗ್ಗಿಸಿ ಪೂರ್ತಿ ತಿಂದು, "ಚೆನ್ನಾಗಿದೆ ಅತ್ತಿಗೆ" ಎಂದು ಕೈ ತೊಳೆಯಲು ಎದ್ದ. ಅಮ್ಮ ಒಲೆಯ ಹೊಗೆಗೆ ಬೈಯುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಮನೆಗೆ ಗ್ಯಾಸ್ ಬಂದು ಆಗಲೇ ವರ್ಷವಾಗಿತ್ತು.

ಪ್ರತಿ ಭಾನುವಾರ ಚಿಕ್ಕಪ್ಪ ಮಾದನಾಯಕನಹಳ್ಳಿಗೆ ಹೋಗುತ್ತಿದ್ದ. ಹೆಣ್ಣುಮಗು ಜೊತೆಗಿದ್ದರೆ ಬೈಗುಳ ಸ್ವಲ್ಪ ಕಮ್ಮಿಯಾಗುತ್ತದೆ ಎಂದು ಅಪ್ಪ ನನ್ನನ್ನೂ ಅಟ್ಟುತ್ತಿದ್ದ. ಚಿಕ್ಕಪ್ಪ ಜಗಲಿಯ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡು ಕೂರುವುದು. ಚಿಕ್ಕಮ್ಮ ಒಳಬಾಗಿಲ ಹೊಸ್ತಿಲ ಹತ್ತಿರ ಗೋಡೆ ನೋಡಿಕೊಂಡು ಕೂರುವುದು. ನಡುವೆ ಅವನ ಅತ್ತೆ ರಾಗಿ ಕೇರುವುದು. ಸಂಜೆ ವಾಪಸು. ಕೊನೆಗೆ ಒಂದು ಭಾನುವಾರ ಅತ್ತೆ ಮೊರ ಕೆಳಗಿಟ್ಟು ಹೇಳಿಯೇಬಿಟ್ಟಳು.

"ನೋಡಪ್ಪಾ, ಇನ್ ಬರಬ್ಯಾಡ. ನಾ ಕಳ್ಸಾಕಿಲ್ಲ. ನನ್ ಮಗ್ಳು ಇಲ್ಲೇ ಇರ್ಲಿ. ನಿಂಗೆ ಬೇಕಾದ್ರೆ ಇನ್ನೊಂದು ಮಾಡ್ಕೋ."

ಚಿಕ್ಕಪ್ಪ ಬಾಳೆಹಣ್ಣಿನ ಚೀಲವನ್ನು ಹೊಸ್ತಿಲ ಕಡೆ ತಳ್ಳಿದ. ಹೊಸ್ತಿಲ ಹತ್ತಿರ ಕೂತವಳು ಅಲ್ಲಾಡಲಿಲ್ಲ.

ಅದೇ ಹೊತ್ತಿಗೆ ಬೀದಿಯ ಕೊನೆಯಿಂದ ಜಟಕಾ ಗಾಡಿಯೊಂದು ಬಂತು. ಮೇಲೆ ಮೈಕು, ಎರಡು ಪಕ್ಕಕ್ಕೂ ಪೋಸ್ಟರು. "ಇಂದೇ ನೋಡಿ! ನಿಮ್ಮ ಊರಿನ ಟೆಂಟಿನಲ್ಲಿ! ರಕ್ತ ಹೆಪ್ಪುಗಟ್ಟಿಸುವ ಭಯಂಕರ ರಾಕ್ಷಸ! ಹೃದಯ ದುರ್ಬಲವಾಗಿರುವವರು ಬರಬೇಡಿ!" ಇಂಥ ಗಳಿಗೆಯಲ್ಲಿ ಇಂಥದ್ದೊಂದು ಬರಬೇಕಾ, ಹೇಳಿ! ಅತ್ತೆ ಎದ್ದು ಹೋಗಿ ಬೀದಿಬಾಗಿಲನ್ನು ದಢಾರನೆ ಹಾಕಿದಳು. ಚಿಕ್ಕಪ್ಪ ಕಳ್ಳನ ಹಾಗೆ ತಲೆ ತಗ್ಗಿಸಿದ.

ಚಿಕ್ಕಮ್ಮ ಎದ್ದಳು. ಬಾಗಿಲು ತೆಗೆದಳು. ಚಪ್ಪಲಿ ಮೆಟ್ಟಿಕೊಂಡು ಗಾಡಿ ಹೋದ ದಿಕ್ಕಿಗೆ ನಡೆದೇಬಿಟ್ಟಳು.

"ಎಲ್ಲಿಗವ್ವಾ? ಲೇ, ಎಲ್ಲಿಗೆ?" ಅತ್ತೆ ಕೂಗುತ್ತ ಅಂಗಳದವರೆಗೆ ಬಂದಳು. ಚಿಕ್ಕಪ್ಪ ಹಿಂದೆ ಓಡಿದ. "ಬೇಡ ಕಣೇ, ನಿನ್ ಕಾಲಿಗೆ ಬೀಳ್ತೀನಿ, ಅಲ್ಲಿಗ್ ಮಾತ್ರ ಬೇಡ." ಅವಳು ನಿಲ್ಲಲಿಲ್ಲ. ಹಿಂದೆ ಅವನು, ಅವನ ಹಿಂದೆ ಬಾಳೆಹಣ್ಣಿನ ಚೀಲದ ಸಮೇತ ನಾನು. ಊರವರೆಲ್ಲ ಜಗಲಿಯಿಂದ ನೋಡುತ್ತಿದ್ದರು. ಅವತ್ತು ನಾನು ಮುಖ ಮುಚ್ಚಿಕೊಳ್ಳಲು ಕರ್ಚೀಫು ತೆಗೆಯಲಿಲ್ಲ.

ಸಂಜೆಯ ಮೊದಲ ಆಟ. ಬೆಂಚಿನ ಮೇಲೆ ಕೂತೆವು. ರಾಕ್ಷಸ ಬಂದ. ಎಂಥಾ ರಾಕ್ಷಸ ಅಂತೀರಿ! ಹಸಿರು ಬಣ್ಣ ಅರ್ಧ ಕತ್ತಿಗೇ ಮುಗಿದುಹೋಗಿದೆ. ಒಂದು ಕಿವಿ ಹೊಲಿಗೆ ಬಿಟ್ಟು ನೇತಾಡುತ್ತಿದೆ. ನಡೆಯುವಾಗ ತನ್ನ ಬಾಲವನ್ನು ತಾನೇ ತುಳಿದು ಮುಗ್ಗರಿಸುತ್ತಾನೆ. ಪೀಣ್ಯದಲ್ಲಿ ಕೆಲಸ ಮಾಡುವ ಒಂದಷ್ಟು ಹುಡುಗರು ಮುಂದಿನ ಸಾಲಿನಲ್ಲಿದ್ದರು. ಅವರಲ್ಲೊಬ್ಬ ಚಿಕ್ಕಪ್ಪನ ಗುರುತು ಹಿಡಿದ.

"ಗುರೂ! ಇನ್‌ಸ್ಪೆಕ್ಟರ್ ಸಾಹೇಬ್ರು ಬಂದವ್ರೆ! ಏನ್ ಸಾರ್, ಸುಮ್ನೆ ಕೂತಿದೀರಾ? ಸೀಲ್ ಹೊಡೀರಿ ಸಾರ್!"

ಚಿಕ್ಕಪ್ಪ ಪರದೆ ನೋಡುತ್ತಲೇ ಇರಲಿಲ್ಲ. ತನ್ನ ಎರಡು ಪಾದಗಳನ್ನು ನೋಡಿಕೊಂಡು ಕೂತಿದ್ದ.

ಆಗ ಚಿಕ್ಕಮ್ಮನ ದನಿ ಕೇಳಿತು. ತಿಂಗಳುಗಟ್ಟಲೆ ಬಳಸದೆ ತುಕ್ಕು ಹಿಡಿದಂತಿದ್ದ ದನಿ.

"ಪಾಪ. ಒಳಗಿರೋನ್ಗೆ ಎಷ್ಟು ಸೆಕೆ ಆಯ್ತೈತೋ."

ಚಿಕ್ಕಪ್ಪ ತಲೆಯೆತ್ತಿದ. ಅವಳು ಪರದೆಯನ್ನೇ ನೋಡುತ್ತಿದ್ದಳು. ರಾಕ್ಷಸ ಮತ್ತೆ ಬಾಲ ತುಳಿದು ಬಿದ್ದ. ಅವಳು ಇವನ ಗದ್ದ ಹಿಡಿದು ಮುಖವನ್ನು ಪರದೆಯ ಕಡೆ ತಿರುಗಿಸಿದಳು.

"ನೋಡ್ರೀ. ಸರ್ಯಾಗಿ ನೋಡ್ರೀ ಅದ್ರ ಮಕಾವ. ಇದ್ಕೆ ಎದ್ರುಕೊಂಡ್ನೇನ್ರೀ ನಮ್ ಮಗ? ಇದ್ಕಾ? ಅವತ್ತು ಒಳಗೇ ನಗ್ತಿದ್ದ ಕಣ್ರೀ ಅವ್ನು. ನಂಗೊತ್ತು. ನಗ್ತಿದ್ದ."

ಅಷ್ಟು ಹೇಳಿ ಅವಳು ಅತ್ತಳು. ಅವನೂ ಅತ್ತ. ಕಾಸು ಕೊಟ್ಟು ಅಳುವುದಿಲ್ಲ ಎನ್ನುತ್ತಿದ್ದ ಮನುಷ್ಯ, ಅವಳ ಭುಜಕ್ಕೆ ಹಣೆ ಒತ್ತಿ, ದನಿ ತೆಗೆದು ಅತ್ತ. ಟೆಂಟೆಲ್ಲ ಕೇಕೆ ಹಾಕಿ ನಗುತ್ತಿತ್ತು. ಮುಂದಿನ ಸಾಲಿನ ಹುಡುಗ ತಿರುಗಿ ನೋಡಿ ಬೆರಗಾದ.

"ಏನ್ ಸಾರ್ ನೀವು! ಈ ರಾಕ್ಷಸನ್ಗೆ ಹೆದರ್ಕೊಂಡ್ರಾ?"

ಚಿಕ್ಕಪ್ಪ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು, "ಹೂಂ ಕಣಪ್ಪಾ" ಎಂದ. "ತುಂಬಾ ಹೆದರ್ಕೊಂಡ್ಬಿಟ್ಟಿದ್ದೆ."

ಆಟ ಮುಗಿದ ಮೇಲೆ ಚಿಕ್ಕಮ್ಮ ತವರಿನ ಕಡೆ ತಿರುಗದೆ, ನಮ್ಮ ಜೊತೆ ಬಸ್ ಸ್ಟಾಪಿನಲ್ಲಿ ಬಂದು ನಿಂತಳು.

ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನವರು ಇದ್ದರೆ ಕೆಳಗೆ ಬರೆಯಿರಿ. ಯಾವ ಟೆಂಟು, ಯಾವ ರಾಕ್ಷಸ, ಅವನ ಜಿಪ್ ಎಲ್ಲಿ ಕಾಣುತ್ತಿತ್ತು, ಎಲ್ಲ ಬರೆಯಿರಿ. ಆಗ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಎನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ.